ಕಲ್ಲು ಅಗ್ಗ, ಬೆಟ್ಟ ಅಗ್ಗವಲ್ಲ

ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಹುಟ್ಟಲು ಪ್ರಕೃತಿಗೆ 200ರಿಂದ 400 ವರ್ಷಗಳು ಬೇಕೆಂಬುದು ವಿಜ್ಞಾನಿಗಳ ಅಂದಾಜು. ಬಿಸಿಲಿಗೆ ಬಿರಿದು, ಮಳೆಗೆ ನೆನೆದು, ಕಲ್ಲುಹೂವಿನ ಹುಳಿಗೆ ಸವೆದು, ಬೇರಿನ ಒತ್ತಡಕ್ಕೆ ಸೀಳಿ ಬಂಡೆಯು ಮಣ್ಣಾಗುತ್ತದೆ. ಅಜ್ಜ ನೆಟ್ಟ ಹಲಸಿನ ಮರದ ಹಣ್ಣನ್ನು ಮೊಮ್ಮಗ ತಿಂದಾನು; ಆದರೆ ಅಜ್ಜನ ಕಾಲದಲ್ಲಿ ಬಿರಿಯತೊಡಗಿದ ಬಂಡೆ ಮೊಮ್ಮಗನ ಕಾಲಕ್ಕೂ ಬಹುಮಟ್ಟಿಗೆ ಬಂಡೆಯಾಗಿಯೇ ಉಳಿದಿರುತ್ತದೆ. ಮಲೆನಾಡಿನ ತೋಟ, ಗದ್ದೆ, ಕಾಡುಗಳೆಲ್ಲವೂ ನಿಂತಿರುವುದು ಇಂಥ ಸಾವಿರಾರು ವರ್ಷಗಳ ತಾಳ್ಮೆಯ ಮೇಲೆ.

2024ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದು ಈ ತಾಳ್ಮೆಯ ಲೆಕ್ಕವನ್ನೇ ತಲೆಕೆಳಗು ಮಾಡುವಂತಿತ್ತು. ಚೆನ್ನೈನಲ್ಲಿರುವ ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡವು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಉಮೇಶ್ ವಾಘ್ಮಾರೆ ಅವರೊಡಗೂಡಿ ನಡೆಸಿದ ಪ್ರಯೋಗವದು. ಬೆಣಚುಕಲ್ಲು, ಮಾಣಿಕ್ಯದಂತಹ ಗಟ್ಟಿ ಖನಿಜಗಳ ಪುಡಿಯನ್ನು ವಿದ್ಯುದಾವೇಶವುಳ್ಳ ಅತಿ ಸಣ್ಣ ನೀರಹನಿಗಳಲ್ಲಿ ಹಾರಿಬಿಟ್ಟಾಗ, ಅವು ತಾವಾಗಿಯೇ ಒಡೆದು ನ್ಯಾನೋ ಕಣಗಳಾದವು. ಇದಕ್ಕೆ ಹಿಡಿದ ಕಾಲ ಸುಮಾರು ಹತ್ತು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನೂರನೆಯ ಒಂದು ಭಾಗ.

ಅದಾಗಿ ಎರಡು ತಿಂಗಳು ತುಂಬುವುದರೊಳಗೆ, ಜುಲೈ 16ರ ಬೆಳಿಗ್ಗೆ, ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕಾಗಿ ಕಡಿದಿದ್ದ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ಜನರನ್ನೂ ವಾಹನಗಳನ್ನೂ ತನ್ನೊಡನೆ ಒಯ್ದಿತು. ಸಾವಿರಾರು ವರ್ಷಗಳಲ್ಲಿ ಬಂಡೆಯಿಂದ ಹುಟ್ಟಿದ ಮಣ್ಣು ಕ್ಷಣಗಳಲ್ಲಿ ಹೊಳೆಯ ಪಾಲಾಯಿತು. ಒಂದೇ ವರ್ಷದ ಈ ಎರಡು ಸುದ್ದಿಗಳಿಗೆ ನೇರ ಸಂಬಂಧವಿಲ್ಲ. ಆದರೆ ಕಲ್ಲನ್ನು ವೇಗವಾಗಿ ಒಡೆಯುವ ವಿದ್ಯೆಯನ್ನೂ, ಒಡೆದ ಬೆಟ್ಟ ಕೊಡುವ ಪೆಟ್ಟನ್ನೂ ಒಟ್ಟಿಗೆ ಇಟ್ಟು ನೋಡಬೇಕಾದ ಸ್ಥಿತಿಯಲ್ಲಿ ಮಲೆನಾಡಿನ ಜನರಿದ್ದಾರೆ. ಅಗ್ಗದ ನೈಸರ್ಗಿಕ ಖನಿಜಗಳಿಂದ ನ್ಯಾನೋ ವಸ್ತುಗಳನ್ನು ತಯಾರಿಸುವ ಈ ಹೊಸ ದಾರಿಯ ಕುರಿತು ಊರಿನ ರೈತರೂ ಕಾಲೇಜಿನ ವಿದ್ಯಾರ್ಥಿಗಳೂ ಈಗಲೇ ತಿಳಿದುಕೊಳ್ಳುವುದು ಅಗತ್ಯವಾಗಿದೆ.

ಒಂದು ಮಿಲಿಮೀಟರ್ ಉದ್ದವನ್ನು ಹತ್ತು ಲಕ್ಷ ಸಮಭಾಗ ಮಾಡಿದರೆ ಸಿಗುವ ಒಂದು ಭಾಗವೇ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯ ಕಣಗಳನ್ನು ನ್ಯಾನೋ ವಸ್ತುಗಳೆಂದು ಕರೆಯುತ್ತಾರೆ. ಇಷ್ಟು ಸಣ್ಣದಾದಾಗ ವಸ್ತುವಿನ ಗುಣವೇಕೆ ಬದಲಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಪ್ರತಿ ಬದಿಯೂ ಒಂದು ಮಿಲಿಮೀಟರ್ ಇರುವ ಮರಳಿನ ಹರಳೊಂದನ್ನು ಊಹಿಸಿಕೊಳ್ಳಬಹುದು. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ಆರು ಚದರ ಮಿಲಿಮೀಟರ್. ಅದನ್ನೇ ಹತ್ತು ನ್ಯಾನೋಮೀಟರ್ ಬದಿಯ ತುಣುಕುಗಳಾಗಿ ಒಡೆದರೆ ಒಟ್ಟು ಮೇಲ್ಮೈ ಒಂದು ಲಕ್ಷ ಪಟ್ಟು ಹಿಗ್ಗಿ, ಒಬ್ಬರು ಕೂರುವ ಚಾಪೆಯಷ್ಟಾಗುತ್ತದೆ. ಕಲ್ಲು ಅಷ್ಟೇ, ತೂಕವೂ ಅಷ್ಟೇ. ನೀರಿಗೆ, ಹುಳಿಗೆ, ಬೇರಿಗೆ, ಸೂಕ್ಷ್ಮಜೀವಿಗೆ ತೆರೆದುಕೊಂಡ ಮೈ ಮಾತ್ರ ಲಕ್ಷ ಪಟ್ಟು. ಕರಗುವಿಕೆ, ಅಂಟುವಿಕೆ, ಪೋಷಕಾಂಶವನ್ನು ಹಿಡಿದುಕೊಳ್ಳುವ ಶಕ್ತಿ, ಕೆಲವೊಮ್ಮೆ ವಿಷಗುಣ ಕೂಡ ಈ ಮೈಯನ್ನು ಅನುಸರಿಸಿಯೇ ಹೆಚ್ಚುತ್ತವೆ.

ಇದುವರೆಗೆ ಇಂಥ ಕಣಗಳನ್ನು ಪಡೆಯಲು ಎರಡು ದಾರಿಗಳಿದ್ದವು. ಒಂದು, ಗಟ್ಟಿ ಗುಂಡುಗಳಿರುವ ಯಂತ್ರದಲ್ಲಿ ಗಂಟೆಗಟ್ಟಲೆ ಅರೆಯುವುದು. ಮತ್ತೊಂದು, ಖನಿಜವನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಕಣವಾಗಿ ಕಟ್ಟುವುದು. ಉದಾಹರಣೆಗೆ ಸಿಲಿಕಾ ಕಣ ಬೇಕಾದರೆ ಮರಳನ್ನು ಸೋಡಾದೊಂದಿಗೆ ಸಾವಿರ ಡಿಗ್ರಿಗೂ ಮೀರಿದ ಉರಿಯಲ್ಲಿ ಕರಗಿಸಿ, ಬಳಿಕ ಆಮ್ಲ ಬೆರೆಸಿ ಬೇರ್ಪಡಿಸಬೇಕು. ಎರಡರಲ್ಲಿಯೂ ಇಂಧನದ ಖರ್ಚು ಅಪಾರ. ಎರಡನೆಯದರಲ್ಲಿ ತ್ಯಾಜ್ಯದ ನೀರೂ ಅಪಾರ.

ಹೊಸ ಪ್ರಯೋಗದಲ್ಲಿ ಬಳಸಿದ್ದು 1ರಿಂದ 5 ಮೈಕ್ರೋಮೀಟರ್ ಗಾತ್ರದ ಖನಿಜದ ಪುಡಿ, ನೀರು ಮತ್ತು ಕೆಲವು ಸಾವಿರ ವೋಲ್ಟ್ ವಿದ್ಯುತ್ತು. ಪುಡಿ ಬೆರೆಸಿದ ನೀರನ್ನು ಸಣ್ಣ ಕೊಳವೆಯ ತುದಿಯಿಂದ ವಿದ್ಯುತ್ತಿನ ಸೆಳೆತದಲ್ಲಿ ಮಂಜಿನಂತೆ ಸಿಡಿಸಲಾಯಿತು. ಹನಿಗಳು ಗಾಳಿಯಲ್ಲಿದ್ದ ಆ ಅತ್ಯಲ್ಪ ಅವಧಿಯಲ್ಲಿಯೇ ಒಳಗಿದ್ದ ಖನಿಜ 5ರಿಂದ 10 ನ್ಯಾನೋಮೀಟರಿನ ಕಣಗಳಾಗಿ ಚೂರಾಯಿತು. ಹನಿಯ ಮೈಮೇಲಿನ ತೀವ್ರ ವಿದ್ಯುತ್ ಕ್ಷೇತ್ರ ಹಾಗೂ ಅಲ್ಲಿ ಸೇರುವ ಪ್ರೋಟಾನುಗಳು ಹರಳಿನ ಪದರಗಳನ್ನು ಜಾರಿಸಿ ಸೀಳುತ್ತವೆ ಎಂಬ ವಿವರಣೆಗೆ ಬೆಂಗಳೂರಿನ ಕೇಂದ್ರದ ಗಣಕ ಲೆಕ್ಕಾಚಾರಗಳು ಬೆಂಬಲ ನೀಡಿದವು.

ಇಂಥ ಹನಿಗಳು ಪ್ರಯೋಗಾಲಯದಲ್ಲಷ್ಟೇ ಇಲ್ಲ. ಬೀಳುವ ನೀರು ಬಂಡೆಗೆ ಬಡಿದು ಸಿಡಿದಾಗ ಹನಿಗಳಿಗೂ ಸುತ್ತಣ ಗಾಳಿಗೂ ವಿದ್ಯುದಾವೇಶ ಬರುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಫಿಲಿಪ್ ಲೆನಾರ್ಡ್ 1892ರಲ್ಲಿಯೇ ತೋರಿಸಿದ್ದರು. ಮೋಡದಲ್ಲಿ, ಕಡಲ ತೆರೆಯ ತುಂತುರಿನಲ್ಲಿ, 253 ಮೀಟರ್ ಆಳಕ್ಕೆ ಧುಮುಕುವ ಜೋಗದ ಜಲಪಾತದಲ್ಲಿ ಇಂಥ ಹನಿಗಳು ದಿನವೂ ಹುಟ್ಟುತ್ತಿವೆ. ಬಂಡೆ ಮಣ್ಣಾಗುವ ನಿಸರ್ಗದ ಕೆಲಸದಲ್ಲಿಯೂ ಈ ಹನಿಗಳಿಗೆ ಪಾಲಿರಬಹುದೆಂಬ ಹೊಸ ಪ್ರಶ್ನೆಯನ್ನು ಪ್ರಯೋಗ ಎತ್ತಿದೆ. ವಿಜ್ಞಾನದ ದೃಷ್ಟಿಯಿಂದ ಇದು ಅಪೂರ್ವ ಶೋಧ. ಅದನ್ನು ಮಾಡಿದ ತಂಡಕ್ಕೂ ಜನೋಪಯೋಗಿ ಕೆಲಸದ ದೀರ್ಘ ಹಿನ್ನೆಲೆಯಿದೆ. ನ್ಯಾನೋ ಲೋಹಕಣಗಳಿಂದ ನೀರಿನಲ್ಲಿರುವ ಎಂಡೋಸಲ್ಫಾನನ್ನು ಗುರುತಿಸಿ ತೆಗೆಯಬಹುದೆಂದು 2003ರಲ್ಲಿಯೇ ತೋರಿಸಿದ್ದು ಪ್ರದೀಪ್ ಅವರ ಪ್ರಯೋಗಾಲಯ. ಕಾಸರಗೋಡು ಹಾಗೂ ದಕ್ಷಿಣ ಕನ್ನಡದ ಗೇರುತೋಪುಗಳ ಸುತ್ತ ಆ ಕೀಟನಾಶಕ ಮಾಡಿದ ಅನಾಹುತವನ್ನು ಬಲ್ಲವರಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಶೋಧದ ಹಿರಿಮೆಗೂ ಅದರ ಬಳಕೆಯ ಭರವಸೆಗೂ ನಡುವಿನ ಅಂತರವನ್ನು ಮರೆಯಬಾರದು. ಹನಿ ಹನಿಯಾಗಿ ಸಿಡಿಸುವ ಈ ಕ್ರಮದಲ್ಲಿ ಒಮ್ಮೆಗೆ ದೊರೆಯುವ ಕಣಗಳ ಪ್ರಮಾಣ ಅತಿ ಸ್ವಲ್ಪ. ಬೆಣಚುಕಲ್ಲನ್ನು ಮೊದಲು ಮೈಕ್ರೋಮೀಟರ್ ಗಾತ್ರಕ್ಕೆ ಅರೆಯಲೇಬೇಕು. ಆ ಅರೆಯುವಿಕೆಗೆ ಬೇಕಾದ ಇಂಧನ, ಏಳುವ ದೂಳು ಹತ್ತು ಮಿಲಿಸೆಕೆಂಡಿನ ಲೆಕ್ಕದಲ್ಲಿ ಸೇರುವುದಿಲ್ಲ. ಬಂಜರು ನೆಲವನ್ನು ಫಲವತ್ತಾಗಿಸಲು, ಭತ್ತ ಮತ್ತು ಗೋಧಿಗೆ ಬೇಕಾದ ಸಿಲಿಕಾ ಒದಗಿಸಲು ಈ ವಿದ್ಯೆ ಮುಂದೊಂದು ದಿನ ನೆರವಾಗಬಹುದು ಎಂಬುದು ಸಂಶೋಧಕರ ಆಶಯ. ಆಶಯ ಒಳ್ಳೆಯದೇ. ಆದರೆ ಕಲ್ಲಿನ ಕಣವೊಂದೇ ಮಣ್ಣಲ್ಲ. ಸಾವಯವ ಅಂಶ, ಶಿಲೀಂಧ್ರದ ಎಳೆ, ಎರೆಹುಳು, ಗಾಳಿ, ತೇವ ಇವೆಲ್ಲ ಆ ಕಣಗಳನ್ನು ಹೆಣೆದಾಗ ಮಾತ್ರ ಅದು ಮಣ್ಣೆನಿಸಿಕೊಳ್ಳುತ್ತದೆ. ಕಣ ಮಿಲಿಸೆಕೆಂಡಿನಲ್ಲಿ ಹುಟ್ಟೀತು. ಹೆಣಿಗೆಗೆ ಈಗಲೂ ವರ್ಷಗಳೇ ಬೇಕು.

ನ್ಯಾನೋ ಎಂಬ ಪದ ಹೊಸದಾದರೂ ವಸ್ತು ಮಲೆನಾಡಿಗೆ ಹೊಸದಲ್ಲ. ಮಣ್ಣಿನಲ್ಲಿರುವ ಜೇಡಿಯ ಹಾಳೆಗಳು ಪದರು ಪದರಾಗಿ ಕೂಡಿದವು. ಕೆಯೊಲಿನೈಟ್ ಎಂಬ ಜೇಡಿಖನಿಜದ ಒಂದು ಪದರದ ದಪ್ಪ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ಜಂಬಿಟ್ಟಿಗೆಗೆ, ಕೆಮ್ಮಣ್ಣಿಗೆ ಆ ಬಣ್ಣ ಬಂದಿರುವುದು ಅತಿ ಸೂಕ್ಷ್ಮ ಗಾತ್ರದ ಕಬ್ಬಿಣದ ಆಕ್ಸೈಡ್ ಕಣಗಳಿಂದ. ಫ್ರಾನ್ಸಿಸ್ ಬುಕನನ್ ಕೇರಳದ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅದಕ್ಕೂ ಎಷ್ಟೋ ಮೊದಲಿನಿಂದ ಘಟ್ಟದ ಜನ ಅದನ್ನು ಕಡಿದು ಮನೆ ಕಟ್ಟಿದ್ದರು. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ನೆಲೆಯಾಗಿ ಗೋಡೆಗೆ ಬಳಿದ ಕೆಮ್ಮಣ್ಣಿನಲ್ಲಿಯೂ ಇದೇ ಸೂಕ್ಷ್ಮ ಕಣಗಳಿವೆ.

ಈ ಕಣಗಳು ಮಾಡುವ ಕೆಲಸ ಒಂದೆರಡಲ್ಲ. ನೀರನ್ನು ಹಿಡಿಯುತ್ತವೆ, ಪೋಷಕಾಂಶವನ್ನು ಕಟ್ಟಿಡುತ್ತವೆ, ತರಗೆಲೆಯ ಕಳಿತ ಸಾರವನ್ನು ತಮ್ಮ ಮೈಗೆ ಅಂಟಿಸಿಕೊಂಡು ವರ್ಷಗಟ್ಟಲೆ ಕಾಯುತ್ತವೆ. ಕೆಲವೊಮ್ಮೆ ಹಟಮಾರಿಯೂ ಆಗುತ್ತವೆ. ರೈತ ಹಾಕಿದ ರಂಜಕವನ್ನು ಬೇರಿಗೆ ಬಿಟ್ಟುಕೊಡದೆ ಬಿಗಿಹಿಡಿಯುವವು ಇದೇ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಅಡಿಕೆ ತೋಟಕ್ಕೆ ಕೆಲವು ವರ್ಷಗಳಿಗೊಮ್ಮೆ ಹೊಸ ಮಣ್ಣು ಏರಿಸಿ, ಮೇಲೆ ಸೊಪ್ಪು ಮತ್ತು ದರಕು ಹರಡಿ, ಕೊಟ್ಟಿಗೆ ಗೊಬ್ಬರ ಕೊಡುವ ಹಿರಿಯರ ಪದ್ಧತಿಯನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಮಳೆಯಲ್ಲಿ ಕೊಚ್ಚಿಹೋದ ಖನಿಜಕಣಗಳನ್ನು ತುಂಬುವುದು, ಆ ಕಣಗಳಿಗೆ ಸಾವಯವ ಹೊದಿಕೆ ಕೊಡುವುದು, ಹೊದಿಕೆಯ ಮೂಲಕ ರಂಜಕವನ್ನು ಬಿಡಿಸುವುದು: ಈ ಮೂರೂ ಕೆಲಸ ಆ ಒಂದು ಪದ್ಧತಿಯೊಳಗೆ ನಡೆಯುತ್ತದೆ. ಸೊಪ್ಪಿನ ಬೆಟ್ಟವೆಂಬುದು ಮಲೆನಾಡಿಗರ ಪಾಲಿಗೆ ಗೊಬ್ಬರದ ಕಾರ್ಖಾನೆ ಮಾತ್ರವಲ್ಲ, ಖನಿಜಕಣಗಳನ್ನು ಹದಗೊಳಿಸುವ ಪ್ರಯೋಗಾಲಯವೂ ಹೌದು.

ಮಲೆನಾಡಿನ ಮಣ್ಣಿಗೆ ಒಂದು ನಿಜವಾದ ಕೊರತೆಯೂ ಇದೆ. ಅದನ್ನು ಮರೆಮಾಚಿ ಹೊಸ ವಿದ್ಯೆಯನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಎಡೆಬಿಡದ ಮಳೆ ಸಹಸ್ರಾರು ವರ್ಷಗಳಿಂದ ಇಲ್ಲಿನ ನೆಲದಿಂದ ಸುಣ್ಣ, ಪೊಟ್ಯಾಷ್‌ಗಳ ಜೊತೆಗೆ ಕರಗುವ ಸಿಲಿಕಾವನ್ನೂ ತೊಳೆದು ಕಡಲಿಗೆ ಒಯ್ದಿದೆ. ಭತ್ತವಾದರೋ ಸಿಲಿಕಾನನ್ನು ಬಹುವಾಗಿ ಬೇಡುವ ಬೆಳೆ. ಹೆಕ್ಟೇರಿಗೆ ಐದು ಟನ್ ಭತ್ತ ಕೊಡುವ ಬೆಳೆಯು ಮಣ್ಣಿನಿಂದ ಸುಮಾರು 230ರಿಂದ 470 ಕಿಲೋ ಸಿಲಿಕಾನನ್ನು ಹೀರುತ್ತದೆಂದು ಅಂದಾಜಿದೆ. ಎಲೆಯ ಮೈಯಲ್ಲಿ ಅದು ಕವಚದಂತೆ ಕೂತು ಬೆಂಕಿ ರೋಗವನ್ನು ತಡೆಯುತ್ತದೆ, ಪೈರು ನೆಟ್ಟಗೆ ನಿಲ್ಲಲು ನೆರವಾಗುತ್ತದೆ. ಜಪಾನ್ ದೇಶವು 1955ರಲ್ಲಿಯೇ ಸಿಲಿಕೇಟನ್ನು ಗೊಬ್ಬರವೆಂದು ಅಂಗೀಕರಿಸಿತು. ಭತ್ತದ ಬೇರು ಸಿಲಿಕಾನನ್ನು ಒಳಗೆ ಬರಮಾಡಿಕೊಳ್ಳಲು ಬಳಸುವ ವಂಶವಾಹಿಯನ್ನು ಜಪಾನಿನಲ್ಲಿ ಕೆಲಸ ಮಾಡುವ ಜಿಯಾನ್ ಫೆಂಗ್ ಮಾ ಅವರ ತಂಡ 2006ರಲ್ಲಿ ಗುರುತಿಸಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಭತ್ತದ ಬೇರು ಹೀಗೆ ಒಳಗೆ ತೆಗೆದುಕೊಳ್ಳುವುದು ಕಲ್ಲಿನ ಕಣವನ್ನಲ್ಲ, ನೀರಿನಲ್ಲಿ ಕರಗಿದ ಸಿಲಿಸಿಕ್ ಆಮ್ಲವನ್ನು. ಬೆಣಚುಕಲ್ಲು ಬಲು ನಿಧಾನವಾಗಿ ಕರಗುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಹತ್ತು ಮಿಲಿಗ್ರಾಮಿನಷ್ಟು ಅಥವಾ ಅದಕ್ಕೂ ಕಡಿಮೆ. ಹರಳಿನ ರೂಪವಿಲ್ಲದ ಸಿಲಿಕಾ ನೂರು ಮಿಲಿಗ್ರಾಮಿಗೂ ಹೆಚ್ಚು ಕರಗುತ್ತದೆ. ಹೀಗಾಗಿ ಗದ್ದೆಗೆ ಬೇಕಾದ ವಸ್ತುವಿನಲ್ಲಿ ಕಣದ ಗಾತ್ರದಷ್ಟೇ ಅದರ ರೂಪವೂ ಮುಖ್ಯ. ಹರಳಿನ ರೂಪವಿಲ್ಲದ ಇಂಥ ಸಿಲಿಕಾ ಪ್ರತಿ ಅಕ್ಕಿ ಗಿರಣಿಯ ಹಿಂದೆ ರಾಶಿಬಿದ್ದಿದೆ. ಒಂದು ಟನ್ ಭತ್ತದಿಂದ ಸುಮಾರು 200 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ, ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. 700 ಡಿಗ್ರಿ ಮೀರದಂತೆ ಹದವಾಗಿ ಸುಟ್ಟರೆ ಅದು ಹರಳುಗಟ್ಟದೆ ಉಳಿದು ಮಣ್ಣಿನಲ್ಲಿ ಬೇಗ ಕರಗುತ್ತದೆ. ಉರಿ ಮೀರಿದರೆ ಹರಳಾಗಿ ನಿಷ್ಪ್ರಯೋಜಕವೂ ಉಸಿರಿಗೆ ಅಪಾಯಕಾರಿಯೂ ಆಗುತ್ತದೆ. ಉಮಿಯ ಕರಿಯಿಂದ ಹಲ್ಲುಜ್ಜಿ ಬೆಳೆದ ತಲೆಮಾರು ಇನ್ನೂ ಹಳ್ಳಿಗಳಲ್ಲಿದೆ. ಸಸ್ಯವೇ ನೆಲದಿಂದ ಹೀರಿ, ಸೋಸಿ, ಸೂಕ್ಷ್ಮವಾಗಿ ಕಟ್ಟಿಕೊಟ್ಟ ಈ ಸಿಲಿಕಾವನ್ನು ಹಳ್ಳದ ಬದಿಗೆ ಸುರಿದು, ಗೊಬ್ಬರಕ್ಕಾಗಿ ಬೆಟ್ಟದ ಬೆಣಚುಕಲ್ಲನ್ನು ಅರೆಯಲು ಹೊರಡುವುದು ವಿವೇಕವೆನಿಸದು.

ಈ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಯಿದು: ಬೆಣಚುಕಲ್ಲನ್ನು, ಜೇಡಿಯನ್ನು ‘ಅಗ್ಗದ ಖನಿಜ’ ಎನ್ನುವಾಗ ಆ ಅಗ್ಗದ ಬೆಲೆಯನ್ನು ಕಟ್ಟಿದವರು ಯಾರು? ಪ್ರಯೋಗಾಲಯಕ್ಕೆ ಬೇಕಾದ ಒಂದು ಹಿಡಿ ಪುಡಿಗೆ ಬೆಲೆಯೇ ಇಲ್ಲ ನಿಜ. ಕಾರ್ಖಾನೆಗೆ ಬೇಕಾದ ಲಾರಿಗಟ್ಟಲೆ ಕಲ್ಲಿಗೆ ಮಾತ್ರ ಬೆಲೆಯಿದೆ. ಸರ್ಕಾರಕ್ಕೆ ಕಟ್ಟುವ ರಾಜಧನ, ಸಾಗಣೆಯ ಡೀಸೆಲ್ಲು, ಕೂಲಿ ಇಷ್ಟನ್ನೇ ಕೂಡಿದರೆ ಕಲ್ಲು ಅಗ್ಗವಾಗಿ ಕಾಣುತ್ತದೆ. ಬತ್ತಿದ ಬಾವಿ, ಬಿರುಕುಬಿಟ್ಟ ಗೋಡೆ, ಹೂಳು ತುಂಬಿದ ಹಳ್ಳ, ದೂಳು ಕವಿದ ಕಾಫಿ ಗಿಡ, ಕ್ರಷರಿನ ಸದ್ದಿಗೆ ಪಾಠ ಕೇಳಿಸದ ಶಾಲೆ ಇವು ಆ ಲೆಕ್ಕದ ಪುಸ್ತಕಕ್ಕೆ ಏರುವುದೇ ಇಲ್ಲ. ಕಲ್ಲು ಅಗ್ಗವಾಗಿರುವುದು ಬೆಟ್ಟದ ಬೆಲೆಯನ್ನು ಊರವರ ಖಾತೆಗೆ ಬರೆದಿರುವುದರಿಂದ.

ಇದು ಕಾಲ್ಪನಿಕ ಭಯವೆನ್ನುವವರು ಕುದುರೆಮುಖವನ್ನು ನೆನೆಯಬೇಕು. ಅಲ್ಲಿನ ಅದಿರು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್. ಇರಾನ್ ದೇಶಕ್ಕೆ ಅದಿರು ಒದಗಿಸುವ ಒಪ್ಪಂದದ ಮೇಲೆ 1976ರಲ್ಲಿ ಕಂಪೆನಿ ಹುಟ್ಟಿತು. 1979ರ ಕ್ರಾಂತಿಯ ಬಳಿಕ ಆ ಒಪ್ಪಂದ ನಿಂತುಹೋದರೂ ಗಣಿಗಾರಿಕೆ ನಿಲ್ಲಲಿಲ್ಲ. ಮಳೆಯ ಹೊಡೆತಕ್ಕೆ ತೆರೆದಿಟ್ಟ ಗುಡ್ಡದ ಮಣ್ಣು ಭದ್ರೆಗೆ ಇಳಿಯಿತು, ಅದಿರು ತೆಗೆದ ಬಳಿಕ ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಜನರ ದೀರ್ಘ ಹೋರಾಟದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಅದಿರು ಹಡಗೇರಿತು, ಲಾಭ ಲೆಕ್ಕಕ್ಕೆ ಸೇರಿತು, ಹೂಳು ಮಾತ್ರ ಇಂದಿಗೂ ಶೋಲಾ ಕಾಡಿನ ನಡುವೆ ಉಳಿದಿದೆ.

ಈಗಿನ ಬೆಳವಣಿಗೆಗಳು ಎಚ್ಚರವನ್ನು ಹೆಚ್ಚಿಸುವಂತಿವೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಗಣಿ ಸಚಿವಾಲಯವು ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ ಮತ್ತು ಬೆರೈಟ್‌ಗಳನ್ನು ಉಪಖನಿಜಗಳ ಪಟ್ಟಿಯಿಂದ ತೆಗೆದು ಪ್ರಧಾನ ಖನಿಜಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ, ಭಾರತದ ಸಣ್ಣ ರೈತರ ಗದ್ದೆಗಳಿಗೆ ಬಸಾಲ್ಟ್ ಶಿಲೆಯ ಪುಡಿ ಹರಡಿ ಗಾಳಿಯ ಇಂಗಾಲವನ್ನು ಹಿಡಿದಿಡುವ ಯೋಜನೆಯೊಂದಕ್ಕೆ ಐದು ಕೋಟಿ ಡಾಲರುಗಳ ಅಂತರರಾಷ್ಟ್ರೀಯ ಬಹುಮಾನ ಬಂದಿತು. ಕಲ್ಲಿನ ಪುಡಿ ಇನ್ನು ಮುಂದೆ ರಸ್ತೆಗೆ, ಮನೆಗೆ ಮಾತ್ರ ಬೇಕಾದ ವಸ್ತುವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇವು ಸೂಚನೆಗಳು. ಬೇಡಿಕೆ ಬಂದಮೇಲೆ ಬೆಟ್ಟ ಹುಡುಕಿಕೊಂಡು ಬರುವವರಿಗೆ ಬರವಿರುವುದಿಲ್ಲ.

ಕೆಲಸಗಾರರ ಉಸಿರಿನ ಮಾತು ಇನ್ನೂ ಗಂಭೀರವಾದುದು. ಹರಳಿನ ರೂಪದ ಸಿಲಿಕಾ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನೂ ಮಧ್ಯಪ್ರದೇಶದ ಮಂದಸೌರಿನ ಬಳಪದ ಕಾರ್ಖಾನೆಗಳ ಕೂಲಿಗಳನ್ನೂ ಅದು ಬಲಿ ತೆಗೆದುಕೊಂಡಿತು. ಈ ದೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಘೋಷಿಸಿತು. ಹೊಸದಾಗಿ ಒಡೆದ ಬೆಣಚುಕಲ್ಲಿನ ಮೈ ಹಳೆಯ ದೂಳಿಗಿಂತ ಹೆಚ್ಚು ಹಾನಿಕರವೆಂಬುದೂ ತಿಳಿದ ಸಂಗತಿ. ಮಣ್ಣಿನೊಳಗೆ ಸಾವಯವದೊಂದಿಗೆ ಬೆಸೆದ ಕಣ ಗಾಳಿಗೆ ಏಳುವುದಿಲ್ಲ. ಸಿಂಪರಣೆಯಲ್ಲಿ, ಗಿರಣಿಯಲ್ಲಿ ಹಾರುವ ಕಣ ನೇರವಾಗಿ ಎದೆಗೂಡಿಗೆ ಇಳಿಯುತ್ತದೆ. ‘ನೈಸರ್ಗಿಕ ಖನಿಜ’ ಎಂಬ ಹೆಸರಿನಿಂದಲೇ ಅದು ನಿರಪಾಯಕಾರಿಯಾಗದು.

ರೈತರಿಗೆ ನ್ಯಾನೋ ಎಂಬ ಹೆಸರಿನ ಅನುಭವ ಈಗಾಗಲೇ ಒಂದಿದೆ. 2021ರಲ್ಲಿ ದ್ರವರೂಪದ ನ್ಯಾನೋ ಯೂರಿಯಾ ಮಾರುಕಟ್ಟೆಗೆ ಬಂದಾಗ, ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೋದ ಒಂದು ಚೀಲ ಯೂರಿಯಾಕ್ಕೆ ಸಮವೆಂದು ಹೇಳಲಾಯಿತು. ಆರಂಭದ ಆ ದ್ರಾವಣದಲ್ಲಿ ನೂರಕ್ಕೆ ನಾಲ್ಕು ಪಾಲು ಸಾರಜನಕವಿತ್ತು. ಹಾಗೆಂದರೆ ಬಾಟಲಿಯೊಂದರಲ್ಲಿ 20 ಗ್ರಾಂ; ಚೀಲದಲ್ಲಿರುವುದು 20 ಕಿಲೋಗೂ ಹೆಚ್ಚು. ಈ ಸಾವಿರ ಪಟ್ಟು ಅಂತರವನ್ನು ಕಣದ ಗಾತ್ರ ತುಂಬಿಕೊಡುವುದೇ ಎಂದು ಹೈಸ್ಕೂಲಿನ ವಿದ್ಯಾರ್ಥಿಯೂ ಕೇಳಬಹುದಿತ್ತು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷ ಗದ್ದೆಯಲ್ಲಿ ಪರೀಕ್ಷಿಸಿದಾಗ, ಶಿಫಾರಸಿನ ಯೂರಿಯಾದ ಒಂದು ಭಾಗದ ಬದಲು ಅದನ್ನು ಬಳಸಿದ ಕಡೆ ಭತ್ತ, ಗೋಧಿ ಎರಡರ ಇಳುವರಿಯೂ ಇಳಿದುದನ್ನು ವರದಿ ಮಾಡಿದರು. ಪರೀಕ್ಷೆ ಮೊದಲು, ಪ್ರಚಾರ ನಂತರ ಎಂಬ ಕ್ರಮ ತಲೆಕೆಳಗಾದಾಗ ನಷ್ಟ ಹೊರುವವನು ರೈತನೇ. ಕೃಷಿಯಲ್ಲಿ ಬಳಸುವ ನ್ಯಾನೋ ಉತ್ಪನ್ನಗಳ ಪರೀಕ್ಷೆಗಾಗಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ತಿರುಳು ಕನ್ನಡದಲ್ಲಿ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲಿರುವುದು ನ್ಯಾಯ.

ಹಾಗೆಂದು ವಿಜ್ಞಾನಕ್ಕೆ ಬಾಗಿಲು ಮುಚ್ಚುವುದು ಪರಿಸರ ಚಳವಳಿಯ ದಾರಿಯಲ್ಲ. ಕಡಿಮೆ ಇಂಧನದಲ್ಲಿ, ವಿಷಕಾರಿ ರಾಸಾಯನಿಕವಿಲ್ಲದೆ, ಬರಿಯ ನೀರಿನ ಹನಿಯಿಂದ ಕಲ್ಲನ್ನು ಒಡೆಯಬಲ್ಲ ವಿದ್ಯೆ ಮುಂದೆ ನೀರು ಶುದ್ಧೀಕರಣಕ್ಕೆ, ಸವಕಲು ಮಣ್ಣಿನ ದುರಸ್ತಿಗೆ ನೆರವಾದರೆ ಅದನ್ನು ಸ್ವಾಗತಿಸಬೇಕು. ಸ್ವಾಗತದ ಜೊತೆಗೆ ಮಲೆನಾಡಿನ ಜನ ಕೆಲವು ಷರತ್ತುಗಳನ್ನು ಈಗಲೇ, ವಿದ್ಯೆ ಇನ್ನೂ ಪ್ರಯೋಗಾಲಯದಲ್ಲಿರುವಾಗಲೇ, ಮುಂದಿಡಬೇಕು.

ಮೊದಲನೆಯದು, ಕಚ್ಚಾವಸ್ತು ಈಗಾಗಲೇ ಕಡಿದ ಕಲ್ಲಿನಿಂದಲೇ ಬರಬೇಕು. ಗ್ರಾನೈಟ್ ಕೊಯ್ಯುವ ಘಟಕಗಳ ಸುತ್ತ ಒಣಗಿ ಹಾರುವ ಕಲ್ಲುಹಿಟ್ಟಿನ ಕೆಸರು, ಕ್ರಷರುಗಳ ನುಣುಪು ದೂಳು, ಕೆರೆಗಳ ಹೂಳು, ಗಿರಣಿಗಳ ಉಮಿಬೂದಿ ಇವೆಲ್ಲ ಸಾಕಷ್ಟಿವೆ. ನ್ಯಾನೋ ಹೆಸರಿನಲ್ಲಿ ಒಂದು ಹೊಸ ಕ್ವಾರಿಯೂ ತೆರೆಯಕೂಡದು. ಎರಡನೆಯದು, ಬೆಣಚುಕಲ್ಲಿನ ಗಣಿಗೆ ಪರವಾನಗಿ ಎಲ್ಲಿಂದಲೇ ಬರಲಿ, ಅದಕ್ಕೂ ಮೊದಲು ಗ್ರಾಮಸಭೆಯ ಮುಂದೆ ನೀರು, ಇಳಿಜಾರು ಮತ್ತು ಕುಸಿತದ ಸಾಧ್ಯತೆಯ ಪೂರ್ಣ ವಿವರ ಬರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕೊಟ್ಟ ಅಧಿಕಾರ ಕಾಗದದಲ್ಲಿ ಮಲಗಿರಬಾರದು. ಮೂರನೆಯದು, ಮಣ್ಣಿಗೆ ಹಾಕುವ ಯಾವುದೇ ನ್ಯಾನೋ ಖನಿಜವನ್ನು ಮಲೆನಾಡಿನ ಹುಳಿಮಣ್ಣಿನಲ್ಲಿಯೇ, ಕನಿಷ್ಠ ಮೂರು ಮಳೆಗಾಲ, ಸಾರ್ವಜನಿಕ ಸಂಸ್ಥೆಗಳು ಪರೀಕ್ಷಿಸಬೇಕು. ಇಳುವರಿಯೊಂದನ್ನೇ ಅಳೆಯದೆ ಎರೆಹುಳು, ಗದ್ದೆಯ ಮೀನು, ಕೆಳಗಿನ ಹಳ್ಳದ ನೀರನ್ನೂ ನೋಡಬೇಕು. ನಾಲ್ಕನೆಯದು, ಅರೆಯುವ, ಸಿಂಪಡಿಸುವ ಕೈಗಳ ಆರೋಗ್ಯ ತಪಾಸಣೆ ಉದ್ಯಮದ ಖರ್ಚಿನಲ್ಲಿಯೇ ನಡೆಯಬೇಕು.

ಸರ್ಕಾರದ ಆದೇಶಕ್ಕೆ ಕಾಯದೆ ಆಗುವ ಕೆಲಸವೂ ಇದೆ. ಭತ್ತ ಕೊಯ್ದ ಮೇಲೆ ಹುಲ್ಲನ್ನು ಗದ್ದೆಯಲ್ಲಿ ಸುಡದೆ ದನದ ಮೂಲಕವೋ ಗೊಬ್ಬರದ ಗುಂಡಿಯ ಮೂಲಕವೋ ಗದ್ದೆಗೇ ಮರಳಿಸಿದರೆ ಬೆಳೆ ಹೀರಿದ ಸಿಲಿಕಾನಿನ ಬಹುಪಾಲು ಮನೆಗೆ ಮರಳಿ ಬಂದಂತೆ. ಊರಿನ ಗಿರಣಿಯ ಉಮಿಬೂದಿಯನ್ನು ಒದ್ದೆ ಮಾಡಿ ಗೊಬ್ಬರದೊಂದಿಗೆ ಬೆರೆಸಿ, ಬೆಂಕಿ ರೋಗ ಕಾಡುವ ಗದ್ದೆಯ ಒಂದು ಮಡಿಗೆ ಹಾಕಿ, ಪಕ್ಕದ ಮಡಿಯನ್ನು ಹಾಗೆಯೇ ಬಿಟ್ಟು ಹೋಲಿಸುವುದು ಯಾವ ಕಾಲೇಜಿನ ವಿದ್ಯಾರ್ಥಿಗೂ ಸಾಧ್ಯವಾದ ಪ್ರಯೋಗ. ಎಲೆಯ ಮೇಲಿನ ಚುಕ್ಕೆ ಎಣಿಸಲು ಕಣ್ಣು ಸಾಕು, ತೆನೆ ತೂಗಲು ಮನೆಯ ತಕ್ಕಡಿ ಸಾಕು. ತೋಟದ ಮೇಲ್ಬದಿಯ ಇಳಿಜಾರಿನಲ್ಲಿ ಹುಲ್ಲು, ಗಿಡ ಉಳಿಸಿ, ಮಳೆನೀರಿನೊಡನೆ ಇಳಿಯುವ ಕೆಂಪು ಕೆಸರನ್ನು ತಡೆದ ರೈತ ಯಾವ ಕಾರ್ಖಾನೆಯೂ ಕೊಡಲಾರದಷ್ಟು ನ್ಯಾನೋ ಖನಿಜವನ್ನು ತನ್ನ ನೆಲದಲ್ಲಿಯೇ ಉಳಿಸಿಕೊಂಡಂತೆ.

ಹತ್ತು ಮಿಲಿಸೆಕೆಂಡಿನಲ್ಲಿ ಕಲ್ಲು ಒಡೆಯುವ ವಿದ್ಯೆ ಮನುಷ್ಯನಿಗೆ ದಕ್ಕಿದೆ. ಒಡೆದ ಬೆಟ್ಟವನ್ನು ಮತ್ತೆ ಕಟ್ಟುವ ವಿದ್ಯೆ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ. ಶಿರೂರಿನಲ್ಲಿ ಹೊಳೆಗೆ ಬಿದ್ದ ಗುಡ್ಡ ಮರಳಿ ಮೇಲೇರಲಿಲ್ಲ. ಕುದುರೆಮುಖದ ಕಡಿದ ಶಿಖರವೂ ಬೆಳೆಯಲಿಲ್ಲ. ಕಲ್ಲಿನ ಬೆಲೆ ಕಟ್ಟುವ ದಿನ ಬಂದಾಗ ಈ ಸಂಗತಿಯನ್ನು ಲೆಕ್ಕಕ್ಕೆ ಸೇರಿಸುವ ಹೊಣೆ ಬೆಟ್ಟದ ಮೇಲೆ ಬದುಕು ಕಟ್ಟಿಕೊಂಡವರದು. ಮುಂದಿನ ಗ್ರಾಮಸಭೆಗಳಲ್ಲಿ ಆ ಮಾತು ಕೇಳಿಬರಲಿ.